ನಾಳೆಯ ಕಾರಿಗೆ ಮೇವು ಯಾವುದು?



2024ರ ಬೇಸಿಗೆಯಲ್ಲಿ ಒಂದು ಸಂಘದಲ್ಲಿ ಬಂಜೆತನ ನಿವಾರಣಾ ಶಿಬಿರ ಮುಗಿಸಿ, ಸಂಜೆ ಹಾಲು ಅಳತೆಯಾಗುವ ತನಕ ಜಗಲಿಯ ಮೇಲೆ ಕುಳಿತಿದ್ದೆ. ಸದಸ್ಯರೊಬ್ಬರ ಮಗ, ಡಿಪ್ಲೊಮಾ ಓದುವ ಹುಡುಗ, ಗೆಳೆಯರೊಡನೆ ಸ್ಪೋರ್ಟ್ಸ್ ಕಾರುಗಳ ವಿಷಯದಲ್ಲಿ ವಾದಕ್ಕೆ ಬಿದ್ದಿದ್ದ. "ಇನ್ನೇನಿದ್ದರೂ ಕರೆಂಟು ಕಾರು, ಪೆಟ್ರೋಲಿನ ಕಾಲ ಮುಗೀತು" ಎಂದು ಒಬ್ಬ. "ಸದ್ದೇ ಇಲ್ಲದ್ದು ಅದೆಂಥ ಸ್ಪೋರ್ಟ್ಸ್ ಕಾರೋ" ಎಂದು ಇನ್ನೊಬ್ಬ. ಮೂರನೆಯವನದು ಜಲಜನಕದ ಪಕ್ಷ. ಕೊನೆಗೆ ಮೂವರೂ "ನೀವೇ ಹೇಳಿ ಸಾರ್" ಎಂದು ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆಯುವ ಮೊದಲೇ ಹುಡುಗನ ತಂದೆ ಕ್ಯಾನು ಕೆಳಗಿಟ್ಟು, "ಡಾಕ್ಟ್ರೇ, ಕಾರಿನ ಮಾತು ಆಮೇಲಾಗಲಿ. ಮೆಕ್ಕೆಜೋಳದ ನುಚ್ಚು ಇಷ್ಟೊಂದು ತುಟ್ಟಿ ಯಾಕಾಯ್ತು, ಅದನ್ನು ಹೇಳಿ" ಎಂದರು.

ಅಂದು ಇಬ್ಬರಿಗೂ ಅರ್ಧಂಬರ್ಧ ಉತ್ತರ ಹೇಳಿ ಎದ್ದುಬಂದೆ. ಆಮೇಲೆ ಯೋಚಿಸಿದಾಗ, ಮಗ ಕೇಳಿದ್ದಕ್ಕೂ ತಂದೆ ಕೇಳಿದ್ದಕ್ಕೂ ಉತ್ತರ ಒಂದೇ ಕಡೆ ಇದೆ ಎಂದು ಹೊಳೆಯಿತು. ನಾಳೆಯ ಕಾರು ಏನನ್ನು ತಿನ್ನುತ್ತದೆ ಎಂಬುದು ನಮ್ಮ ರಾಸುಗಳು ಏನನ್ನು ತಿನ್ನುತ್ತವೆ ಎಂಬುದಕ್ಕೂ ಸಂಬಂಧಪಟ್ಟ ವಿಷಯ. ಅದನ್ನು ಈ ಲೇಖನದಲ್ಲಿ ವಿವರವಾಗಿ ತಿಳಿದುಕೊಳ್ಳೋಣ.

ಎಂಜಿನ್ನೂ ಒಂದು ರಾಸಿನಂತೆ

ಹಸು ತಿಂದ ಮೇವಿನ ಶಕ್ತಿಯೆಲ್ಲ ಹಾಲಾಗುವುದಿಲ್ಲ ಎಂಬುದು ನಿಮಗೆ ಗೊತ್ತು. ಒಂದು ಪಾಲು ಸಗಣಿಯಲ್ಲಿ ಹೋಗುತ್ತದೆ, ಒಂದು ಪಾಲು ಮೈಶಾಖವಾಗಿ ಹೋಗುತ್ತದೆ, ನೂರಕ್ಕೆ ಸುಮಾರು ಆರು ಪಾಲು ತೇಗಿನೊಂದಿಗೆ ಮೀಥೇನ್ ಅನಿಲವಾಗಿ ಹೊರಬೀಳುತ್ತದೆ. ಕಾರಿನ ಲೆಕ್ಕವೂ ಹೀಗೆಯೇ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇರುತ್ತದೆ. ಯೂನಿಟ್ ಎಂದರೆ ನಿಮ್ಮ ಕರೆಂಟು ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಸಾಧಾರಣ ಓಡಾಟದಲ್ಲಿ ಎಂಜಿನ್ ಇದರ ಕಾಲು ಪಾಲನ್ನು ಮಾತ್ರ ಚಕ್ರಕ್ಕೆ ಮುಟ್ಟಿಸುತ್ತದೆ. ಉಳಿದ ಮುಕ್ಕಾಲು ಪಾಲು ರೇಡಿಯೇಟರಿನ ಬಿಸಿಯಾಗಿ, ಹೊಗೆಕೊಳವೆಯ ಬಿಸಿಯಾಗಿ ಹೋಗುತ್ತದೆ. ಆದರೆ ವಿದ್ಯುತ್ ಮೋಟಾರು ತಾನು ಪಡೆದ ಶಕ್ತಿಯಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚನ್ನು ಕೆಲಸಕ್ಕೆ ಹಚ್ಚುತ್ತದೆ.

ಇಷ್ಟು ಕೇಳಿದರೆ ಮೋಟಾರೇ ಗೆದ್ದಂತಾಯಿತು. ಆದರೆ ಮೇವಿನ ಹೊರೆಯನ್ನೂ ತೂಗಿ ನೋಡಬೇಕು. ಒಂದು ಕೆ.ಜಿ. ಪೆಟ್ರೋಲಿನಲ್ಲಿ ಸುಮಾರು 12 ಯೂನಿಟ್ ಇದ್ದರೆ, ಒಂದು ಕೆ.ಜಿ. ಲಿಥಿಯಂ ಬ್ಯಾಟರಿಯಲ್ಲಿ ಹಿಡಿಯುವುದು ಒಂದು ಯೂನಿಟ್ಟಿನ ಆರನೇ ಒಂದು ಪಾಲಿನಷ್ಟು. 40 ಲೀಟರ್ ಪೆಟ್ರೋಲು ತೂಗುವುದು 30 ಕೆ.ಜಿ. ಅದರಿಂದ ಚಕ್ರಕ್ಕೆ ದಕ್ಕುವಷ್ಟೇ ಶಕ್ತಿಯನ್ನು ಬ್ಯಾಟರಿಯಿಂದ ಪಡೆಯಬೇಕಾದರೆ 600ರಿಂದ 700 ಕೆ.ಜಿ. ಬ್ಯಾಟರಿ ಹೊರಬೇಕು. ಮೇವಿನ ಹೊರೆಯೇ ಹಸುವಿಗಿಂತ ಭಾರವಾದಂತೆ. ಪೆಟ್ರೋಲು ಉರಿದಂತೆ ಹಗುರಾಗುತ್ತದೆ, ಬ್ಯಾಟರಿ ಖಾಲಿಯಾದರೂ ತೂಕ ಇಳಿಯುವುದಿಲ್ಲ. ತಿರುವಿನಲ್ಲಿ ಚುರುಕಾಗಿ ತಿರುಗಬೇಕಾದ ಸ್ಪೋರ್ಟ್ಸ್ ಕಾರಿಗೆ ಈ ತೂಕವೇ ದೊಡ್ಡ ತೊಡಕು. ಮುಂದಿನ ತಂತ್ರಜ್ಞಾನದ ಬಗ್ಗೆ ನಡೆಯುವ ವಾದಗಳೆಲ್ಲ ಈ ಎರಡು ಲೆಕ್ಕಗಳ ನಡುವಿನ ಹಗ್ಗಜಗ್ಗಾಟವೆಂದು ತಿಳಿಯಿರಿ.

ವಿದ್ಯುತ್ ಕಾರು ಹೊಸದಲ್ಲ

ಗಂಟೆಗೆ 100 ಕಿ.ಮೀ. ವೇಗವನ್ನು ಮೊದಲು ದಾಟಿದ ರಸ್ತೆ ವಾಹನ ಪೆಟ್ರೋಲಿನದಲ್ಲ, ವಿದ್ಯುತ್ತಿನದು. 1899ರ ಏಪ್ರಿಲ್ 29ರಂದು ಪ್ಯಾರಿಸ್ ಬಳಿ ಬೆಲ್ಜಿಯಂ ದೇಶದ ಕಮೀಯ್ ಜೆನಾಟ್ಜಿ ಎಂಬಾತ ಕೊಳವೆಯಾಕಾರದ ಬ್ಯಾಟರಿ ಕಾರನ್ನು ಗಂಟೆಗೆ 105 ಕಿ.ಮೀ. ಮೀರಿ ಓಡಿಸಿದ. ಆದರೂ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಪೆಟ್ರೋಲು ಗೆದ್ದಿತು. ಸೀಸದ ಬ್ಯಾಟರಿ ಭಾರ, ಪೆಟ್ರೋಲು ಅಗ್ಗ. 1912ರಲ್ಲಿ ಕ್ಯಾಡಿಲಾಕ್ ಕಂಪನಿ ಸೆಲ್ಫ್ ಸ್ಟಾರ್ಟರ್ ಅಳವಡಿಸಿದ ಮೇಲೆ ಹ್ಯಾಂಡಲ್ ತಿರುಗಿಸಿ ಎಂಜಿನ್ ಎಬ್ಬಿಸುವ ಕಷ್ಟವೂ ತಪ್ಪಿತು.

ನಮ್ಮ ರಾಜ್ಯಕ್ಕೂ ಈ ಕಥೆಯಲ್ಲಿ ಪಾಲಿದೆ. ಬೆಂಗಳೂರಿನ ಚೇತನ್ ಮೈನಿ ಅವರ ರೇವಾ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿಯೇ ರಸ್ತೆಗಿಳಿಯಿತು. ಅದರಲ್ಲಿದ್ದುದು ಸೀಸದ ಬ್ಯಾಟರಿ, ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿ.ಮೀ. ಓಟ. 2010ರಲ್ಲಿ ಆ ಕಂಪನಿಯನ್ನು ಮಹೀಂದ್ರ ಕೊಂಡಿತು.

ಸ್ವಿಚ್ ಒತ್ತಿದ ಕ್ಷಣದಲ್ಲಿ

ಸ್ಪೋರ್ಟ್ಸ್ ಕಾರಿನವರು ವಿದ್ಯುತ್ತಿನತ್ತ ತಿರುಗಿದ್ದು ಪೆಟ್ರೋಲು ಉಳಿಸಲೆಂದಲ್ಲ, ಮೋಟಾರಿನ ಎಳೆತಕ್ಕಾಗಿ. ನಿಮ್ಮ ಮೇವು ಕತ್ತರಿಸುವ ಯಂತ್ರವನ್ನೇ ನೋಡಿ. ಸ್ವಿಚ್ ಒತ್ತಿದ ಕ್ಷಣ ಮೋಟಾರು ಪೂರ್ತಿ ಬಲದಿಂದ ಎಳೆಯುತ್ತದೆ. ಡೀಸೆಲ್ ಪಂಪ್‌ಸೆಟ್ಟಾದರೆ ಎಬ್ಬಿಸಿ, ವೇಗ ಏರಿಸಿ, ಆಮೇಲೆ ಹೊರೆ ಕೊಡಬೇಕು. ಕಾರಿನ ಎಂಜಿನ್ನಿಗೂ ಅದೇ ಮಿತಿ. ಅದಕ್ಕಾಗಿಯೇ ಗೇರು, ಕ್ಲಚ್ಚುಗಳ ಏರ್ಪಾಡು. ಮೋಟಾರು ನಿಂತಲ್ಲಿಂದಲೇ ಪೂರ್ಣ ಬಲ ಕೊಡುತ್ತದೆ. ಬ್ರೇಕ್ ಒತ್ತಿದಾಗ ಅದೇ ಮೋಟಾರು ಸೈಕಲ್ ಡೈನಮೋದಂತೆ ಕೆಲಸ ಮಾಡಿ ಒಂದಿಷ್ಟು ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತದೆ.

2008ರಲ್ಲಿ ಅಮೆರಿಕದ ಟೆಸ್ಲಾ ಕಂಪನಿ ರೋಡ್‌ಸ್ಟರ್ ಕಾರಿನಲ್ಲಿ ಲಿಥಿಯಂ ಬ್ಯಾಟರಿ ಬಳಸಿ ಈ ದಾರಿ ತೆರೆಯಿತು. ಕ್ರೊಯೇಷಿಯಾ ದೇಶದ ರಿಮಾಕ್ ನೆವೆರಾ 2022ರಲ್ಲಿ ಗಂಟೆಗೆ 412 ಕಿ.ಮೀ. ಮುಟ್ಟಿತು. 2025ರ ಸೆಪ್ಟೆಂಬರಿನಲ್ಲಿ ಚೀನಾದ ಬಿ.ವೈ.ಡಿ. ಕಂಪನಿಯ ಯಾಂಗ್‌ವಾಂಗ್ ಯು9 ಎಕ್ಸ್‌ಟ್ರೀಮ್ ಜರ್ಮನಿಯ ಪರೀಕ್ಷಾ ಪಥದಲ್ಲಿ 496 ಕಿ.ಮೀ. ದಾಟಿತು. ಇಟಲಿಯಲ್ಲಿ ತಯಾರಾಗುವ 1,900 ಅಶ್ವಶಕ್ತಿಯ ಬತ್ತಿಸ್ತಾ ಕಾರಿನ ಒಡೆತನ ಯಾರದು ಗೊತ್ತೇ? ನಿಮ್ಮಲ್ಲಿ ಅನೇಕರ ಹೊಲ ಉಳುವ ಟ್ರ್ಯಾಕ್ಟರಿನ ಮಹೀಂದ್ರ ಸಮೂಹದ್ದು.

ಆದರೆ ಈ ದಾರಿಯಲ್ಲಿ ಹೇಳಿದ್ದೆಲ್ಲ ಹೇಳಿದ ಹೊತ್ತಿಗೆ ಬರುವುದಿಲ್ಲ. ಟೆಸ್ಲಾ 2017ರಲ್ಲಿ ಹೊಸ ರೋಡ್‌ಸ್ಟರ್ ತೋರಿಸಿ 2020ಕ್ಕೆ ಕೊಡುತ್ತೇವೆ ಎಂದಿತ್ತು. ಆ ವರ್ಷ ಬಂದು ಹೋಯಿತು, ಕಾರು ಬರಲಿಲ್ಲ. 2014ರಲ್ಲಿ ಆರಂಭವಾದ ಫಾರ್ಮುಲಾ ಇ ವಿದ್ಯುತ್ ಕಾರುಗಳ ಪಂದ್ಯದಲ್ಲಿ ಮೊದಲ ನಾಲ್ಕು ಸರಣಿಗಳವರೆಗೆ ಬ್ಯಾಟರಿ ಒಂದು ಪಂದ್ಯಕ್ಕೂ ಸಾಲುತ್ತಿರಲಿಲ್ಲ. ಚಾಲಕ ಅರ್ಧ ದಾರಿಯಲ್ಲಿ ಇಳಿದು ಇನ್ನೊಂದು ಕಾರು ಹತ್ತಬೇಕಿತ್ತು, ಹಿಂದಿನ ಕಾಲದ ಟಾಂಗಾದವರು ಕುದುರೆ ಬದಲಾಯಿಸಿದಂತೆ. 2018ರ ಕೊನೆಗೆ ಬ್ಯಾಟರಿ ಸುಧಾರಿಸಿ ಒಂದೇ ಕಾರು ಸಾಕಾಯಿತು. 2023ರ ಫೆಬ್ರವರಿಯಲ್ಲಿ ಈ ಪಂದ್ಯ ನಮ್ಮ ನೆರೆಯ ಹೈದರಾಬಾದಿನಲ್ಲೂ ನಡೆಯಿತು.

ಮಿಶ್ರತಳಿಯ ಕಾರು

ಹಳ್ಳಿಯ ಹಸುವಿನ ತಾಳಿಕೆ, ಎಚ್.ಎಫ್. ಹಸುವಿನ ಹಾಲು ಎರಡೂ ಬೇಕೆಂದು ನಾವು ಮಿಶ್ರತಳಿ ಮಾಡಿದೆವು. ಕಾರಿನವರೂ ಅದನ್ನೇ ಮಾಡಿದ್ದಾರೆ. ಎಂಜಿನ್ನೂ ಮೋಟಾರೂ ಎರಡೂ ಇರುವ ಕಾರಿಗೆ ಹೈಬ್ರಿಡ್ ಎಂದು ಹೆಸರು. ಫರ್ಡಿನಾಂಡ್ ಪೋರ್ಷೆ 1900ರಲ್ಲಿಯೇ ಇಂಥದೊಂದನ್ನು ಮಾಡಿದ್ದ. ಟೊಯೋಟಾದ ಪ್ರಿಯಸ್ 1997ರಲ್ಲಿ ಜಪಾನಿನಲ್ಲಿ ಇದನ್ನು ಜನಸಾಮಾನ್ಯರ ಕಾರಾಗಿ ಮಾಡಿತು. ನಮ್ಮ ಬಿಡದಿಯ ಕಾರ್ಖಾನೆಯಿಂದ ಬರುವ ಇನ್ನೋವಾ ಹೈಕ್ರಾಸ್‌ನ ಒಂದು ಮಾದರಿ ಇದೇ ಜಾತಿಯದು.

ಮುಂದಿನ ಸ್ಪೋರ್ಟ್ಸ್ ಕಾರುಗಳಲ್ಲಿ ಬಹುಪಾಲು ಈ ಮಿಶ್ರತಳಿಗೇ ಸೇರಿವೆ. ಲ್ಯಾಂಬೋರ್ಗಿನಿಯ 2023ರ ರೆವುಯೆಲ್ಟೊದಲ್ಲಿ ಹನ್ನೆರಡು ಸಿಲಿಂಡರಿನ ಎಂಜಿನ್ನಿನ ಜೊತೆಗೆ ಮೂರು ಮೋಟಾರುಗಳಿವೆ. 2024ರಲ್ಲಿ ತೋರಿಸಿದ ಬುಗಾಟಿ ಟೂರ್ಬಿಯಾನ್ ಕಾರಿನಲ್ಲಿ ಹದಿನಾರು ಸಿಲಿಂಡರು, ಮೂರು ಮೋಟಾರು, ಒಟ್ಟು 1,800 ಅಶ್ವಶಕ್ತಿ. 2026ರ ನಿಯಮದಂತೆ ಫಾರ್ಮುಲಾ ಒನ್ ಓಟದ ಕಾರುಗಳಲ್ಲೂ ಸುಮಾರು ಅರ್ಧ ಬಲ ವಿದ್ಯುತ್ತಿನದು. ಸದ್ದು ಬೇಕೆಂಬ ಹುಡುಗನಿಗೂ ಎಳೆತ ಬೇಕೆಂಬ ಹುಡುಗನಿಗೂ ಇಲ್ಲಿ ರಾಜಿ. ಆದರೆ ಮಿಶ್ರತಳಿ ಹಸುವಿಗೆ ಆರೈಕೆ ಹೆಚ್ಚು ಬೇಕಾಗುವಂತೆ, ಎರಡು ಯಂತ್ರವಿರುವ ಕಾರಿಗೆ ಬೆಲೆಯೂ ತೂಕವೂ ರಿಪೇರಿಯೂ ಹೆಚ್ಚು.

ಜಲಜನಕ, ಗಾಳಿಯಿಂದ ಪೆಟ್ರೋಲು

ಜಲಜನಕ ಉರಿದರೆ ಹೊಗೆಯ ಬದಲು ನೀರಾವಿ ಬರುತ್ತದೆ. 2021ರ ಮೇ ತಿಂಗಳಲ್ಲಿ ಜಪಾನಿನ ಫ್ಯೂಜಿ ಪಥದಲ್ಲಿ ಟೊಯೋಟಾ ಕಂಪನಿ ಜಲಜನಕ ಉರಿಸುವ ಮೂರು ಸಿಲಿಂಡರಿನ ಕೊರೊಲ್ಲಾ ಕಾರನ್ನು 24 ಗಂಟೆಗಳ ಓಟಕ್ಕೆ ಇಳಿಸಿತು. ಎಂಜಿನ್ನಿನ ಸದ್ದು, ಗೇರು ಎಲ್ಲ ಹಾಗೆಯೇ ಉಳಿಯಿತು. ತೊಡಕಿರುವುದು ತುಂಬಿಡುವುದರಲ್ಲಿ. 2023ರಲ್ಲಿ ಅದೇ ತಂಡ ದ್ರವ ಜಲಜನಕ ಬಳಸಿತು. ಅದನ್ನು ಸೊನ್ನೆಗಿಂತ 253 ಡಿಗ್ರಿ ಕೆಳಗೆ ಇಡಬೇಕು. ನಮ್ಮ ಕೃತಕ ಗರ್ಭಧಾರಣೆ ಕೇಂದ್ರದ ದ್ರವ ಸಾರಜನಕದ ಜಾಡಿ ಸೊನ್ನೆಗಿಂತ 196 ಡಿಗ್ರಿ ಕೆಳಗಿರುತ್ತದೆ. ಹೊತ್ತಿಗೆ ಸರಿಯಾಗಿ ಮರುಪೂರಣ ಮಾಡದಿದ್ದರೆ ಸಾರಜನಕ ಆವಿಯಾಗಿ ನಳಿಕೆಗಳು ಕೆಡುವುದನ್ನು ನೀವು ಬಲ್ಲಿರಿ. ಅದಕ್ಕಿಂತ 57 ಡಿಗ್ರಿ ತಣ್ಣಗಿನದನ್ನು ಓಡುವ ಕಾರಿನಲ್ಲಿ ಹೊತ್ತು ತಿರುಗುವುದೆಂದರೆ ಊಹಿಸಿಕೊಳ್ಳಿ.

ಇನ್ನೊಂದು ದಾರಿ ಕೃತಕ ಪೆಟ್ರೋಲು. ದಕ್ಷಿಣ ಅಮೆರಿಕದ ಚಿಲಿ ದೇಶದ ತುದಿಯಲ್ಲಿರುವ ಪುಂಟಾ ಅರೇನಾಸ್ ಬಳಿ, ಬಿರುಗಾಳಿಯ ನಾಡಿನಲ್ಲಿ, 2022ರ ಡಿಸೆಂಬರಿನಲ್ಲಿ ಹಾರು ಓನಿ ಎಂಬ ಪ್ರಾಯೋಗಿಕ ಘಟಕ ಆರಂಭವಾಯಿತು. ಗಾಳಿಯಂತ್ರದ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ ತೆಗೆದು, ಅದಕ್ಕೆ ಇಂಗಾಲದ ಡೈಆಕ್ಸೈಡ್ ಕೂಡಿಸಿ ಮೆಥನಾಲ್, ಮೆಥನಾಲಿನಿಂದ ಪೆಟ್ರೋಲು ಮಾಡುತ್ತಾರೆ. ಮೊದಲ ಪೆಟ್ರೋಲನ್ನು ಪೋರ್ಷೆ 911 ಕಾರಿಗೇ ತುಂಬಿದರು. ಹಳೆಯ ಎಂಜಿನ್ನಿಗೆ ಹೊಸ ಜೀವ ಬಂದಂತಾಯಿತು, ನಿಜ. ಆದರೆ ಹಂತ ಹಂತಕ್ಕೂ ಸೋರಿಕೆ. ಮೊದಲು ಹಾಕಿದ ವಿದ್ಯುತ್ತಿನಲ್ಲಿ ಏಳರಲ್ಲಿ ಒಂದು ಪಾಲು ಚಕ್ರಕ್ಕೆ ಮುಟ್ಟಿದರೆ ಹೆಚ್ಚು. ಕೋಟಿಗಟ್ಟಲೆ ಬೆಲೆಯ ಕಾರು ಉಳ್ಳವರಿಗೆ ಇದು ಸರಿ. ನಮ್ಮ ಹಾಲಿನ ವ್ಯಾನಿಗೆ ಹೊಂದುವ ಮಾತಲ್ಲ.

ಜೋಳ ಕುಡಿಯುವ ಕಾರು

ಈಗ ತಂದೆಯ ಪ್ರಶ್ನೆಗೆ ಬರೋಣ. ಸ್ವೀಡನ್ನಿನ ಕೊನಿಗ್‌ಸೆಗ್ ಕಂಪನಿಯ ಯೆಸ್ಕೊ ಎಂಬ ಸ್ಪೋರ್ಟ್ಸ್ ಕಾರು ಪೆಟ್ರೋಲಿನಲ್ಲಿ 1,280 ಅಶ್ವಶಕ್ತಿ ಕೊಡುತ್ತದೆ. ನೂರಕ್ಕೆ 85 ಪಾಲು ಎಥೆನಾಲ್ ಇರುವ ಇಂಧನ ಹಾಕಿದರೆ 1,600 ಕೊಡುತ್ತದೆ. ಎಥೆನಾಲಿನಲ್ಲಿ ಲೀಟರಿಗೆ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. ಆದರೂ ಅದು ಸಿಲಿಂಡರಿನ ಒಳಗನ್ನು ತಂಪಾಗಿಡುತ್ತದೆ, ಹೊತ್ತಿಗೆ ಮುಂಚೆ ಹೊತ್ತಿಕೊಳ್ಳುವುದಿಲ್ಲ. ಆದ್ದರಿಂದ ಎಂಜಿನ್ನಿಗೆ ಹೆಚ್ಚು ಗಾಳಿ, ಹೆಚ್ಚು ಇಂಧನ ತುರುಕಿ ಹೆಚ್ಚು ಬಲ ತೆಗೆಯಬಹುದು. ಅಮೆರಿಕದ ಇಂಡಿಕಾರ್ ಓಟಗಳು 2007ರಲ್ಲಿ ಪೂರ್ತಿ ಎಥೆನಾಲಿಗೆ ಬದಲಾದವು.

ಇಲ್ಲೊಂದು ಸ್ವಾರಸ್ಯವನ್ನು ಹೇಳದಿದ್ದರೆ ನಮ್ಮ ಪತ್ರಿಕೆಗೆ ಶೋಭೆಯಲ್ಲ. ಆ ಓಟಗಳಲ್ಲಿ ಹಿರಿದಾದ ಇಂಡಿಯಾನಾಪೊಲಿಸ್ 500ರಲ್ಲಿ ಗೆದ್ದವನು ಕುಡಿಯುವುದು ಹಾಲು. 1936ರಲ್ಲಿ ಮೂರನೇ ಬಾರಿ ಗೆದ್ದ ಲೂಯಿಸ್ ಮೇಯರ್ ದಾಹಕ್ಕೆ ಮಜ್ಜಿಗೆ ಕುಡಿದದ್ದರಿಂದ ಬೆಳೆದ ಪದ್ಧತಿ ಇದು. 1993ರಲ್ಲಿ ಗೆದ್ದ ಎಮರ್ಸನ್ ಫಿಟ್ಟಿಪಾಲ್ಡಿ ಮೊದಲು ಕಿತ್ತಳೆ ರಸ ಕುಡಿದು ಜನರ ಸಿಟ್ಟಿಗೆ ಗುರಿಯಾದ.

ಹಾಲು ಚಾಲಕನಿಗೆ ಸರಿ. ಹಸುವಿನ ಜೋಳ ಕಾರಿಗೆ ಹೋದರೆ ಏನು ಗತಿ? ನಮ್ಮ ದೇಶದಲ್ಲಿ 2025ರ ವೇಳೆಗೆ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್ ಬೆರೆಸುವ ಗುರಿ ಮುಟ್ಟಿತು. ಮೊದಲು ಎಥೆನಾಲ್ ಹೆಚ್ಚಾಗಿ ಕಬ್ಬಿನಿಂದ ಬರುತ್ತಿತ್ತು. ಮಳೆ ಕೈಕೊಟ್ಟು ಸಕ್ಕರೆ ಕಡಿಮೆಯಾಗುವ ಭಯದಿಂದ 2023ರ ಡಿಸೆಂಬರಿನಲ್ಲಿ ಸರಕಾರ ಕಬ್ಬಿನ ರಸದ ಬಳಕೆಗೆ ಕಡಿವಾಣ ಹಾಕಿತು. ಕಾರ್ಖಾನೆಗಳು ಮೆಕ್ಕೆಜೋಳಕ್ಕೆ ತಿರುಗಿದವು. 2023-24ರಲ್ಲಿ ಎಥೆನಾಲಿನ ಕಚ್ಚಾವಸ್ತುಗಳ ಪೈಕಿ ಮೆಕ್ಕೆಜೋಳವೇ ಮೊದಲ ಸ್ಥಾನಕ್ಕೆ ಬಂತು. ಜೋಳ ರಫ್ತು ಮಾಡುತ್ತಿದ್ದ ದೇಶ 2024ರಲ್ಲಿ ಹೊರಗಿನಿಂದ ತರಿಸಿಕೊಂಡಿತು. ಅಂದು ಆ ಸದಸ್ಯರು ಕೇಳಿದ ಪ್ರಶ್ನೆಗೆ ಇದೇ ಮುಖ್ಯ ಉತ್ತರ.

ಲೆಕ್ಕ ಹಾಕಿ ನೋಡಿ. ಒಂದು ಕ್ವಿಂಟಾಲ್ ಮೆಕ್ಕೆಜೋಳದಿಂದ ಸುಮಾರು 38 ಲೀಟರ್ ಎಥೆನಾಲ್ ಬರುತ್ತದೆ. 40 ಲೀಟರಿನ ಟ್ಯಾಂಕಿನಲ್ಲಿ 8 ಲೀಟರ್ ಎಥೆನಾಲ್. ಅದೆಲ್ಲ ಜೋಳದ್ದೇ ಆಗಿದ್ದರೆ ಒಮ್ಮೆ ಟ್ಯಾಂಕು ತುಂಬಲು 21 ಕೆ.ಜಿ. ಜೋಳ. ದಿನಕ್ಕೆ 10 ಲೀಟರ್ ಕೊಡುವ ಹಸುವಿಗೆ ಮನೆಯಲ್ಲೇ ಮಿಶ್ರಣ ಮಾಡಿ ಹಾಕುವವರು ದಿನಕ್ಕೆ 2 ಕೆ.ಜಿ. ಜೋಳ ಕೊಡುತ್ತಾರೆ ಎಂದಿಟ್ಟುಕೊಂಡರೆ, ಅದು ಹತ್ತು ದಿನದ ಪಾಲು.

ಆದರೆ ಇದನ್ನು ಕೇಡೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಲಾಗದು. ನಮ್ಮ ಸದಸ್ಯರಲ್ಲಿ ಜೋಳ ಬೆಳೆದು ಮಾರುವವರೂ ಇದ್ದಾರೆ. 2025ರ ಕೊನೆಯಲ್ಲಿ ಫಸಲು ಹೆಚ್ಚಾಗಿ ಬೆಲೆ ಬೆಂಬಲ ಬೆಲೆಗಿಂತ ಕೆಳಗಿಳಿದಾಗ ನಮ್ಮ ರಾಜ್ಯದ ಬೆಳೆಗಾರರೇ ಬೀದಿಗಿಳಿದರು, ಎಥೆನಾಲ್ ಕಾರ್ಖಾನೆಗಳು ಜೋಳ ಕೊಳ್ಳಲಿ ಎಂದು ಕೇಳಿದರು. ಇದು ಮಾರುವಾಗ ಒಂದು ಮಾತು, ಕೊಳ್ಳುವಾಗ ಒಂದು ಮಾತು ಆಡುವ ವಿಷಯ.

ಎಥೆನಾಲ್ ತೆಗೆದ ಮೇಲೆ ಕ್ವಿಂಟಾಲಿಗೆ ಸುಮಾರು 30 ಕೆ.ಜಿ. ಒಣ ಚರಟ ಉಳಿಯುತ್ತದೆ. ಪಶು ಆಹಾರದ ವ್ಯಾಪಾರಿಗಳು ಇದನ್ನು ಡಿ.ಡಿ.ಜಿ.ಎಸ್. ಎನ್ನುತ್ತಾರೆ. ಪಿಷ್ಟವೆಲ್ಲ ಎಥೆನಾಲಾಗಿ ಹೋಗಿರುವುದರಿಂದ ಇದರಲ್ಲಿ ಸಸಾರಜನಕ ಜೋಳಕ್ಕಿಂತ ಸುಮಾರು ಮೂರು ಪಟ್ಟು. ಅಗ್ಗವೂ ಹೌದು. ಆದರೆ ಎಚ್ಚರ: ಜೋಳದಲ್ಲಿ ಬೂಷ್ಟಿನ ವಿಷವಿದ್ದರೆ ಅದೂ ಮೂರು ಪಟ್ಟಾಗುತ್ತದೆ. ಅಫ್ಲಾಟಾಕ್ಸಿನ್ ಎಂಬ ಈ ವಿಷ ಯಕೃತ್ತನ್ನು ಕೆಡಿಸುವುದಲ್ಲದೆ ಹಾಲಿಗೂ ಇಳಿಯುತ್ತದೆ. ಕಾಯಿಸಿದರೂ ಹೋಗುವುದಿಲ್ಲ.

ಸಗಣಿಯಿಂದ ಓಡುವ ಕಾರು

2023ರ ಅಕ್ಟೋಬರಿನಲ್ಲಿ ಟೋಕಿಯೊದ ವಾಹನ ಪ್ರದರ್ಶನದಲ್ಲಿ ಮಜ್ದಾ ಕಂಪನಿ ಐಕಾನಿಕ್ ಎಸ್.ಪಿ. ಎಂಬ ಕೆಂಪು ಸ್ಪೋರ್ಟ್ಸ್ ಕಾರಿನ ಮಾದರಿಯನ್ನು ಇಟ್ಟಿತ್ತು. ಜನ ಅದನ್ನು ಮುತ್ತಿದ್ದರು. ಅದೇ ಪ್ರದರ್ಶನದಲ್ಲಿ ಸುಜುಕಿ ಕಂಪನಿ ಇಟ್ಟಿದ್ದು ನಮ್ಮ ಊರುಗಳಲ್ಲಿ ಓಡಾಡುವ ವ್ಯಾಗನ್ ಆರ್. ಅದರ ಮೇವು ಭಾರತದ ಸಗಣಿಯ ಅನಿಲ. ಸುಜುಕಿ, ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಮತ್ತು ಗುಜರಾತಿನ ಬನಾಸ್ ಡೇರಿ 2023ರಲ್ಲಿ ಈ ಬಗ್ಗೆ ಒಪ್ಪಂದ ಮಾಡಿಕೊಂಡವು. ಬನಾಸ್ ಡೇರಿಯೂ ನಮ್ಮ ಒಕ್ಕೂಟದಂತೆಯೇ ಉತ್ಪಾದಕರ ಸಹಕಾರಿ.

ಇದರ ಕ್ರಮ ಸರಳ. ಹಸುವಿನ ಮೊದಲ ಹೊಟ್ಟೆಯಲ್ಲಿ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳ ಬಳಗವೇ ಗೋಬರ್ ಗ್ಯಾಸ್ ಗುಂಡಿಯಲ್ಲೂ ಕೆಲಸ ಮಾಡುತ್ತದೆ. ಗುಂಡಿಯ ಅನಿಲದಲ್ಲಿ ನೂರಕ್ಕೆ 55ರಿಂದ 60 ಮೀಥೇನ್. ಉಳಿದದ್ದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್, ಜೊತೆಗೆ ಕೊಳೆತ ಮೊಟ್ಟೆಯ ನಾತ ಬರುವ, ಕಬ್ಬಿಣ ತಿನ್ನುವ ಗಂಧಕದ ಅನಿಲ. ಇವುಗಳನ್ನು ತೊಳೆದು ತೆಗೆದು, ಮೀಥೇನನ್ನು ಒತ್ತಡದಲ್ಲಿ ಸಿಲಿಂಡರಿಗೆ ತುಂಬಿದರೆ ಸಿ.ಎನ್.ಜಿ. ಕಾರು ಯಾವ ಬದಲಾವಣೆಯೂ ಇಲ್ಲದೆ ಓಡುತ್ತದೆ. ಹತ್ತು ಹಸುಗಳ ಒಂದು ದಿನದ ಸಗಣಿ ಒಂದು ಕಾರಿನ ಒಂದು ದಿನದ ಓಟಕ್ಕೆ ಸಾಕೆಂದು ಸುಜುಕಿ ಹೇಳುತ್ತದೆ. ನಮ್ಮ ಲೆಕ್ಕಕ್ಕೂ ಅದು ಹೊಂದುತ್ತದೆ: ಹತ್ತು ರಾಸುಗಳಿಂದ 100ರಿಂದ 150 ಕೆ.ಜಿ. ಸಗಣಿ, ಅದರಿಂದ 4ರಿಂದ 6 ಘನ ಮೀಟರ್ ಅನಿಲ, ಶುದ್ಧ ಮಾಡಿದರೆ 2 ಕೆ.ಜಿ. ಆಸುಪಾಸು, ಸುಮಾರು 50 ಕಿ.ಮೀ. ಓಟ.

ಆದರೆ ಶುದ್ಧ ಮಾಡಿ ಒತ್ತಿ ತುಂಬುವ ಯಂತ್ರ ಒಂದು ಮನೆಗೆ ಕಟ್ಟುವಂಥದ್ದಲ್ಲ. ಹಲವು ಹಳ್ಳಿ ಸೇರಿದರೆ ಮಾತ್ರ ಸಾಧ್ಯ. ಒಂದು ಮನೆಗೆ ಇಂದಿಗೂ ಲಾಭದ್ದು ಅಡಿಗೆಮನೆಯ ಗೋಬರ್ ಗ್ಯಾಸೇ. ಒಂದು ಸಮಾಧಾನವೆಂದರೆ, ಅನಿಲ ತೆಗೆದರೂ ಸಗಣಿಯ ಸಾರಜನಕ ಬಗ್ಗಡದಲ್ಲೇ ಉಳಿಯುತ್ತದೆ. ಹೊಲ ಬಡವಾಗುವುದು ಬಗ್ಗಡ ಹೊಲಕ್ಕೆ ಮರಳದಿದ್ದಾಗ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಜೋಳದ ಬೆಲೆ ಇನ್ನು ಮೇವಿನ ಪೇಟೆಯನ್ನಷ್ಟೇ ನೋಡಿ ಏರಿಳಿಯುವುದಿಲ್ಲ. ಕೊಯ್ಲಿನ ಕಾಲದಲ್ಲಿ ಬೆಲೆ ಇಳಿದಾಗ ಮನೆಯ ರಾಸುಗಳಿಗೆ ಬೇಕಾದಷ್ಟನ್ನು ಚೆನ್ನಾಗಿ ಒಣಗಿಸಿ ಇಟ್ಟುಕೊಳ್ಳಿ. ಇರುವುದೆಲ್ಲವನ್ನೂ ಮಾರಿ, ಬೇಸಿಗೆಯಲ್ಲಿ ತುಟ್ಟಿ ಬೆಲೆಗೆ ನುಚ್ಚು ಕೊಳ್ಳಬೇಡಿ.

2. ಡಿ.ಡಿ.ಜಿ.ಎಸ್. ಕೊಳ್ಳುವುದಾದರೆ ಒಣಗಿದ್ದು, ಹೊಂಬಣ್ಣದ್ದು, ಬೂಷ್ಟಿನ ವಾಸನೆ ಇಲ್ಲದ್ದನ್ನೇ ಕೊಳ್ಳಿ. ಹಿಂಡಿ ಮಿಶ್ರಣದ ಐದನೇ ಒಂದು ಪಾಲು ಮೀರಬೇಡಿ. ವಾರ ಹತ್ತು ದಿನದಲ್ಲಿ ನಿಧಾನವಾಗಿ ಅಭ್ಯಾಸ ಮಾಡಿಸಿ. ಕಾರ್ಖಾನೆಯ ಹಸಿ ಚರಟ ಕೆಲವೇ ದಿನಗಳಲ್ಲಿ ಕೆಡುತ್ತದೆ.

3. ಸಗಣಿ ಕೊಳ್ಳುತ್ತೇವೆ ಎಂದು ಯಾರಾದರೂ ಬಂದರೆ ಕೆ.ಜಿ.ಗೆ ಎಷ್ಟು ಎಂದು ಮಾತ್ರ ಕೇಳಬೇಡಿ, ಬಗ್ಗಡ ಎಷ್ಟು ವಾಪಸು ಕೊಡುತ್ತೀರಿ ಎಂದೂ ಕೇಳಿ. ಒಪ್ಪಂದ ಸಂಘದ ಮೂಲಕ, ಬರಹದಲ್ಲಿ ಆಗಲಿ.

4. ಮನೆಯ ಮಕ್ಕಳು ಕಾರು ಮೋಟಾರುಗಳ ಮಾತಾಡಿದರೆ ಗದರಬೇಡಿ. ನಾಳೆ ಹಾಲಿನ ವ್ಯಾನು ಯಾವುದರಿಂದ ಓಡಬೇಕು ಎಂದು ಸಂಘದ ಸಭೆಯಲ್ಲಿ ತೀರ್ಮಾನಿಸುವವರು ಅವರೇ.

ಆ ಮೂವರು ಹುಡುಗರಿಗೆ ನನ್ನ ಉತ್ತರ: ಎಲ್ಲ ರಾಸಿಗೂ ಒಂದೇ ಮೇವಿಲ್ಲದಂತೆ, ಎಲ್ಲ ವಾಹನಕ್ಕೂ ಒಂದೇ ಇಂಧನ ಬರುವುದಿಲ್ಲ. ದಿನಾ ಒಂದಿಷ್ಟು ದೂರ ಓಡುವುದಕ್ಕೆ ಬ್ಯಾಟರಿ, ಬಲವೂ ದೂರವೂ ಬೇಕಾದಲ್ಲಿ ಮಿಶ್ರತಳಿ, ಸಗಣಿ ರಾಶಿ ಇರುವಲ್ಲಿ ಅನಿಲ. ಇತ್ತೀಚೆಗೆ ಅದೇ ಸಂಘಕ್ಕೆ ಹೋದಾಗ ಇದನ್ನೇ ಹೇಳಿದೆ. ತಂದೆ ಸುಮ್ಮನೆ ಕೇಳಿ, "ಹಂಗಾದ್ರೆ ನಮ್ಮ ಐದು ಹಸೀಗೆ ಅರ್ಧ ಕಾರು ಬಂತು ಅನ್ನಿ" ಎಂದರು. ಮಗ ನಗಲಿಲ್ಲ. ಊರಿನಲ್ಲಿ ಒಟ್ಟು ಎಷ್ಟು ರಾಸುಗಳಿವೆ ಎಂದು ಕಾರ್ಯದರ್ಶಿಯವರನ್ನು ಕೇಳಿದ. ಅವರು ರಿಜಿಸ್ಟರ್ ತೆಗೆದರು.